ಅತ್ತೆ ಬಚ್ಚಿಟ್ಟ ಕೋಳಿ

ನಮ್ಮತ್ತೆಗೆ ಕೋಳಿ ಅಂದರೆ ಆಗ್ತಿರಲಿಲ್ಲ ಅಂತ ನಮ್ಮ ನೆಂಟರು ಈಗಲೂ ಹೇಳ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತೆ. ಆಗ್ತಿರಲಿಲ್ಲವಂತೆ! ಯಾರ ಮನೆ ಅಂಗಳದಲ್ಲಿ ಹ್ಯಾಟೆ ಕೋಳಿ ತನ್ನ ಮರಿಗಳನ್ನ ಕರ್ಕೊಂಡು ಕೆದಕ್ತಿದ್ದರೂ ಅವಳು ನಿಂತುಬಿಡೋಳು, ಸೊಂಟದ ಮೇಲೆ ಕೊಡ ಇರಲಿ, ತಲೆ ಮೇಲೆ ಹುಲ್ಲಿನ ಹೊರೆ ಇರಲಿ. ಹಬ್ಬದ ಮಾರನೇ ದಿನ ಕೋಳಿ ಸಾರು ಮಾಡೋಳೂ ಅವಳೇ. ಅವಳು ಅರೆದ ಖಾರದ ರುಚಿ ಬೇರೆ ಯಾರ ಕೈಗೂ ಬರ್ತಿರಲಿಲ್ಲ. ಎಲ್ಲರಿಗೂ ಬಡಿಸಿ, ತಾನು ಮಾತ್ರ ಮುದ್ದೆಗೆ ಉಪ್ಪಿನಕಾಯಿ ಹಚ್ಕೊಂಡು ನುಂಗಿ ಏಳೋಳು. ಯಾಕೆ ಅಂತ ಮನೇಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಅದನ್ನೊಂದು ತಮಾಷೆ ಮಾಡ್ಕೊಂಡಿದ್ದರು ನಮ್ಮ ಜನ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಬೈರಕೂರಿನ ಆಚೆ ಒಂದು ಹಳ್ಳಿ ನಮ್ಮದು. ಆಂಧ್ರದ ಗಡಿ ಕೂಗಳತೆಯಲ್ಲಿದೆ, ನಮ್ಮ ಮನೆಗಳಲ್ಲಿ ಜಗಳ ತೆಲುಗಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತೆ. ಅವಳಿಗೆ ಎಂಟು ವರ್ಷ ಇದ್ದಾಗ ಅವಳ ತಾಯಿ, ಅಂದರೆ ನಮ್ಮಜ್ಜಿ, ಜ್ವರ ಬಂದು ತೀರ್ಕೊಂಡಳು. ಅವತ್ತು ಶನಿವಾರ. 'ಶನಿ ಪೀನುಗ ಒಂಟಿಗಾ ಪೋದು' ಅಂತಾರೆ ನಮ್ಮ ಕಡೆ. ಶನಿವಾರದ ಹೆಣ ಒಂಟಿಯಾಗಿ ಹೋಗಲ್ಲ, ಜೊತೆ ಕೇಳುತ್ತೆ, ಮನೆಯವರಲ್ಲೇ ಒಬ್ಬರನ್ನ ಕರ್ಕೊಳ್ಳುತ್ತೆ ಅನ್ನೋ ಭಯ. ಅದಕ್ಕೇ ಚಟ್ಟಕ್ಕೆ ಒಂದು ಜೀವಂತ ಕೋಳಿ ಕಟ್ಟಿ ಕಳಿಸ್ತಾರೆ. ತಗೋ ತಾಯಿ, ಇದೇ ನಿನ್ನ ಜೊತೆ, ನಮ್ಮನ್ನ ಬಿಟ್ಟುಬಿಡು ಅಂತ. ಮಣ್ಣಿಗೆ ಹೆಂಗಸರು ಹೋಗೋ ಪದ್ಧತಿ ನಮ್ಮಲ್ಲಿಲ್ಲ. ಊರಾಚೆ ಕಲ್ಲಿನ ತನಕ ಅತ್ಕೊಂಡು ಹೋಗಿ ಅಲ್ಲಿಂದ ತಿರುಗಿ ಬರಬೇಕು. ಕೋಳಿ ಹೋಗೋದನ್ನ ನೋಡ್ತೀವಿ, ಅದು ವಾಪಸ್ ಬಂದದ್ದನ್ನ ಯಾವ ಹೆಂಗಸೂ ನೋಡಿಲ್ಲ.

ಆ ವರ್ಷ ಕೊಕ್ಕರೆ ರೋಗ ಬಂದು ಊರಿನ ಕೋಳಿಗಳೆಲ್ಲ ಸತ್ತಿದ್ದವು. ಉಳಿದದ್ದು ನಮ್ಮ ಮನೆಯ ಒಂದೇ ಒಂದು ಚುಕ್ಕೆ ಹ್ಯಾಟೆ. ಅದು ಅತ್ತೆಯದು. ಮರಿಯಾಗಿದ್ದಾಗಿನಿಂದ ಲಂಗದ ಮಡಿಲಲ್ಲಿ ಹಾಕ್ಕೊಂಡು ಸಾಕಿದ್ದು. ಅಂಗಳದಲ್ಲಿ ಗಂಡಸರು ಕೋಳಿ ತನ್ರಪ್ಪಾ ಹೊತ್ತಾಯ್ತು ಅನ್ನೋದು ಕೇಳಿಸಿದ್ದೇ ತಡ, ಹುಡುಗಿ ಹಿತ್ತಲಿಗೆ ಓಡಿ ಅದನ್ನ ಎತ್ಕೊಂಡು, ರಾಗಿ ತುಂಬೋ ಮಣ್ಣಿನ ವಾಡೆಯೊಳಗೆ ಬಿಟ್ಟು, ಮೇಲೆ ಮೊರ ಮುಚ್ಚಿ, ವಾಡೆಗೆ ಒರಗಿಕೊಂಡು ಕೂತುಬಿಟ್ಟಳು. ತಾಯಿ ಸತ್ತ ಮಗು ಮೂಲೇಲಿ ಕೂತಿದ್ದರೆ ಯಾರು ಎಬ್ಬಿಸ್ತಾರೆ? ಹುಡುಕಿದರು, ಬೈದಾಡಿದರು, ಕೊನೆಗೆ ಹೊತ್ತು ಮುಳುಗುತ್ತೆ ಅಂತ ಒಂದು ತೆಂಗಿನಕಾಯಿ ಕಟ್ಟಿ ಎತ್ಕೊಂಡು ಹೋದರು.

ತಾಯಿಯ ಹನ್ನೊಂದನೇ ದಿನದ ಕಾರ್ಯ ಇನ್ನೂ ಆಗಿರಲಿಲ್ಲ, ಅಷ್ಟರಲ್ಲಿ ಅತ್ತೆಯ ಕೊನೇ ತಮ್ಮ ಹೋದ. ನಾಲ್ಕು ವರ್ಷದ್ದು. ಅದೇ ಜ್ವರ, ತಾಯಿ ಮಲಗಿದ್ದ ಅದೇ ಚಾಪೆ. ಆದರೆ ಜ್ವರದ ಮಾತು ಯಾರು ಆಡ್ತಾರೆ? ಹ್ಯಾಟೆ ಹಿತ್ತಲಲ್ಲಿ ಆರಾಮಾಗಿ ಓಡಾಡ್ತಿದ್ದದ್ದು ಎಲ್ಲರ ಕಣ್ಣಿಗೂ ಬಿತ್ತು. ತೆಂಗಿನಕಾಯಿಗೆ ಜೀವ ಇರುತ್ತಾ, ಕೋಳಿ ಕೊಡಲಿಲ್ಲ, ಮಗೂನ ಕರ್ಕೊಂಡಳು ಅಂದರು. ಅತ್ತೆಯ ಅಪ್ಪ ಅವಳನ್ನ ಹೊಡೀಲಿಲ್ಲ, ಒಂದು ಮಾತು ಬೈಲಿಲ್ಲ. ಮಗೂನ ಎತ್ಕೊಂಡು ಹೋಗುವಾಗ ಆ ಹ್ಯಾಟೆಯ ಕಾಲು ಕಟ್ಟಿ ಅದನ್ನೂ ತಗೊಂಡು ಹೋದ. ಬರುವಾಗ ಬರಿಗೈಯಲ್ಲಿ ಬಂದ.

ಹೀಗೆ ನಮ್ಮತ್ತೆ 'ಕೋಳಿ ಬಚ್ಚಿಟ್ಟೋಳು' ಆದಳು. ಮದುವೆ ಮಾತು ಬಂದಾಗೆಲ್ಲ ಯಾರಾದರೊಬ್ಬರು ಈ ಕತೆ ಹೇಳಿ ಪುಣ್ಯ ಕಟ್ಕೊಂಡರು, ಗಂಡಿನ ಕಡೆಯವರು ಕಾಫಿ ಕುಡಿದು ಎದ್ದು ಹೋದರು. ನಮ್ಮಪ್ಪ ಒಳ್ಳೆಯವನೇ, ಆದರೆ ಕೋಪ ಬಂದಾಗ ಅವನ ಬಾಯಲ್ಲೂ 'ತಮ್ಮನ್ನ ನುಂಗಿದೋಳು' ಅಂತ ಬರ್ತಿತ್ತು. ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಅವಳು ತಿರುಗಿ ಒಂದು ಮಾತು ಆಡ್ತಿರಲಿಲ್ಲ. ನಾನು ಆಡ್ತಿದ್ದೆ. ಹೈಸ್ಕೂಲು ಹುಡುಗಿಯಾಗಿದ್ದಾಗ ಒಂದು ಸಲ ಅಪ್ಪನ ಎದುರು ತಟ್ಟೆ ಎಸೆದಿದ್ದೆ, ಅದು ನಮ್ಮ ಮನೆಯ ಇನ್ನೊಂದು ತಮಾಷೆ. ಅಮ್ಮ ರೇಷ್ಮೆ ಹುಳ, ತೋಟ ಅಂತ ಪುರುಸೊತ್ತಿಲ್ಲದೆ ದುಡೀತಿದ್ದಳು, ನನ್ನ ತಲೆ ಬಾಚಿದ್ದು, ಬುತ್ತಿ ಕಟ್ಟಿದ್ದು, ಹೊಡೆದದ್ದು ಎಲ್ಲ ಅತ್ತೆಯೇ. ಚಿತ್ರಕಲಾ ಶಿಕ್ಷಕಿ ಅಂತ ನನಗೆ ಕೆಲಸ ಸಿಕ್ಕಿ ಮುಳಬಾಗಿಲಲ್ಲಿ ಮನೆ ಮಾಡಿದಾಗ ನಾನು ಊರಿಂದ ತಂದದ್ದು ಎರಡೇ, ಒಂದು ಟ್ರಂಕು, ಇನ್ನೊಂದು ಅತ್ತೆ. ನಾನೂ ಮದುವೆಗಿದುವೆ ಅಂತ ಹೋಗಲಿಲ್ಲ, ಇಬ್ಬರೇ ಇದ್ವಿ.

ಈಚೆಗೆ ಒಂದು ಅವರೆಕಾಯಿ ಕಾಲದಲ್ಲಿ ನಮ್ಮ ಸ್ಕೂಲಲ್ಲಿ ಒಂದು ವಸ್ತುಪ್ರದರ್ಶನ ಇತ್ತು. ನಮ್ಮ ಸ್ಕೂಲು ಶ್ರೀನಿವಾಸಪುರದ ಕಡೆ, ದಿನಾ ಬಸ್ಸಲ್ಲಿ ಹೋಗಿ ಬರಬೇಕು. ಸಮಾಜ ವಿಜ್ಞಾನದ ಮೇಷ್ಟ್ರು 'ಹಳೇ ಕಾಲದ ಸಮಾಧಿಗಳು' ಅಂತ ವಿಷಯ ಹಿಡಿದು ಕೂತರು. ಮಕ್ಕಳೇನೋ ನಮ್ಮ ಗುಡ್ಡದ ಮೇಲಿನ ಕಲ್ಲುಚಪ್ಪಡಿಯ ಪಾಂಡವರ ಮನೆಗಳನ್ನ ಬರೆದು ಮುಗಿಸಿದವು. ಈಜಿಪ್ಟಿನ ಪಿರಮಿಡ್ ಬರೆಯೋಕೆ ಅಂತೂ ಜಗಳವೇ ಆಯ್ತು, ಮೂರು ಗೆರೆ ಎಳೆದರೆ ಮುಗೀತಲ್ಲ! ಚೀನಾ ಯಾರಿಗೂ ಬೇಡವಾಯ್ತು, ನನ್ನ ತಲೆಗೆ ಬಂತು. ಮೇಷ್ಟ್ರು ಒಂದು ಪುಸ್ತಕ ಕೊಟ್ಟು, 'ಮೇಡಂ, ಈ ಹನ್ನೆರಡೂ ಚೆನ್ನಾಗಿ ಬರಲಿ' ಅಂತ ಹಲ್ಲು ಕಿರಿದರು.

ಹನ್ನೆರಡು ಅಂದರೆ ಹನ್ನೆರಡು ಮಣ್ಣಿನ ಬೊಂಬೆಗಳು. ಸಾವಿರ ವರ್ಷಕ್ಕೂ ಹಿಂದೆ, ತಾಂಗ್ ಅನ್ನೋ ವಂಶದವರು ಆಳ್ತಿದ್ದಾಗ, ಚೀನಾದ ದೊಡ್ಡಮನುಷ್ಯರ ಸಮಾಧಿಗಳಲ್ಲಿ ಇವನ್ನ ಇಡ್ತಿದ್ದರಂತೆ. ಮೈ ಮನುಷ್ಯರದ್ದು, ಪಾದ ಮುಚ್ಚೋ ನಿಲುವಂಗಿ, ಅಗಲ ತೋಳು, ಎದೆಯ ಮುಂದೆ ಸೇರಿಸಿದ ಕೈ. ತಲೆ ಮಾತ್ರ ಪ್ರಾಣಿಯದು. ಇಲಿ, ಎತ್ತು, ಹುಲಿ, ಮೊಲ, ಅವರ ಆ ಹಾರೋ ಸರ್ಪ, ಹಾವು, ಕುದುರೆ, ಕುರಿ, ಕೋತಿ, ಹುಂಜ, ನಾಯಿ, ಹಂದಿ. ಶವಪೆಟ್ಟಿಗೆಯ ಸುತ್ತ ಗೋಡೆಯಲ್ಲಿ ಗೂಡು ಮಾಡಿ ಒಂದೊಂದು ದಿಕ್ಕಿಗೆ ಒಂದೊಂದನ್ನ ನಿಲ್ಲಿಸೋದು. ಇಲಿ ಉತ್ತರಕ್ಕೆ, ಕುದುರೆ ದಕ್ಷಿಣಕ್ಕೆ, ಮೊಲ ಮೂಡಲಿಗೆ, ಹುಂಜ ಪಡುವಲಿಗೆ. ಕೆಲವು ಕಡೆ ಸತ್ತವರ ಹೆಸರು ಕೊರೆದ ಕಲ್ಲಿನ ಸುತ್ತಲೂ ಇವೇ ಸಾಲಾಗಿ ಇರ್ತವಂತೆ.

ಭಾನುವಾರ ನಡುಮನೇಲಿ ಡ್ರಾಯಿಂಗ್ ಶೀಟು ಹರಡಿಕೊಂಡು ಕೂತಿದ್ದೆ. ಅತ್ತೆ ಪಕ್ಕದಲ್ಲೇ ನೆನೆಸಿದ ಅವರೆಕಾಳು ಹಿತುಕ್ತಾ ಇದ್ದಳು. ಒಂದೊಂದು ಕಾಳು ಪಾತ್ರೆಗೆ ಬಿದ್ದಾಗಲೂ ಒಂದೊಂದು ಸಲ ಬಗ್ಗಿ ನೋಡೋಳು.

"ಇದೇನೇ ಅಮ್ಮಣ್ಣಿ, ಹಂದಿಗೂ ಅಂಗಿ ತೊಡಿಸಿದ್ದೀಯ!"

"ನಾನಲ್ಲ ಅತ್ತೆ, ಚೀನಾದವರು."

"ಮದುವೇಗೆ ಹೊರಟಿದ್ದಾವಾ?"

"ಮದುವೇಗಲ್ಲ, ಮಣ್ಣಿಗೆ. ಸತ್ತವರ ಜೊತೆ ಕಳಿಸ್ತಿದ್ದರಂತೆ, ಸುತ್ತ ನಿಂತು ಕಾಯಲಿ ಅಂತ."

ಅವರೆಕಾಳು ಹಿತುಕೋ ಕೈ ನಿಂತಿತು. ಆಡಬಾರದ ಮಾತು ಆಡಿಬಿಟ್ಟೆನೇನೋ ಅಂತ ನಾಲಿಗೆ ಕಚ್ಕೊಂಡೆ. ಅವಳು ಕೈ ತೊಳ್ಕೊಂಡು ಬಂದು ಚಿತ್ರದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲಾ ಸರಿಯಾಗಿ ಹೇಳು ಅಂದಳು.

ಹೇಳಿದೆ. ಚೀನಾದವರಿಗೆ ದಿನಕ್ಕೆ ಹನ್ನೆರಡು ಜಾವ, ಒಂದೊಂದು ಜಾವಕ್ಕೆ ಒಂದು ಪ್ರಾಣಿ. ನಡುರಾತ್ರಿ ಇಲಿಯದು, ನಡುಹಗಲು ಕುದುರೆಯದು, ಹೊತ್ತು ಮುಳುಗೋ ಹೊತ್ತು ಹುಂಜದ್ದು. "ಸಾಯಂಕಾಲ ಹುಂಜ ಯಾಕೆ? ಬೆಳಗ್ಗೆ ಕೂಗೋದಲ್ವಾ ಅದು? ಬುದ್ಧಿ ಇಲ್ಲದ ಜನ" ಅಂದಳು. ಆಮೇಲೆ ತಾನೇ, "ಗೂಡು ಸೇರೋ ಹೊತ್ತು, ಅದಕ್ಕಿರಬೇಕು ಬಿಡು" ಅಂತ ಅವರನ್ನ ಕ್ಷಮಿಸಿದಳು. ಮಣ್ಣೊಳಗೆ ಕತ್ತಲು, ಸತ್ತವರಿಗೆ ಹಗಲು ರಾತ್ರಿ ಗೊತ್ತಾಗೋದು ಹೇಗೆ, ಅದಕ್ಕೇ ಹನ್ನೆರಡನ್ನೂ ಇಟ್ಟರೆ ಕಾಲ ಅವರ ಸುತ್ತಲೂ ತಿರುಗ್ತಾ ಇರುತ್ತೆ, ಯಾವ ದಿಕ್ಕಿಂದಲೂ ಕೆಟ್ಟದ್ದು ಒಳಗೆ ಬರಲ್ಲ ಅಂತ ನಂಬಿಕೆ ಇದ್ದಿರಬೇಕು ಅಂತ ಪುಸ್ತಕದಲ್ಲಿತ್ತು. ಮನುಷ್ಯನ ಜೀವ ಎರಡಾಗುತ್ತೆ, ಒಂದು ಮೇಲಕ್ಕೆ ಹೋಗುತ್ತೆ, ಇನ್ನೊಂದು ಮೈಯ ಜೊತೆ ಮಣ್ಣಲ್ಲೇ ಉಳಿಯುತ್ತೆ ಅಂದ್ಕೊಂಡಿದ್ದರು ಅವರು. ಉಳಿದ ಜೀವಕ್ಕೆ ಬೇಜಾರಾಗಬಾರದು, ಅದು ಎದ್ದು ಬಂದು ಬದುಕಿರೋರನ್ನ ಕಾಡಬಾರದು. ಅದಕ್ಕಾಗಿ ಇಷ್ಟೆಲ್ಲ.

"ಅಂದರೆ ಅಲ್ಲೂ ಜೊತೆ ಕೇಳುತ್ತೆ" ಅಂದಳು ಅತ್ತೆ.

ಅವರಿಗೂ ನಮ್ಮ ಹಾಗೇ ಅರವತ್ತು ವರ್ಷದ ಚಕ್ರ, ಒಂದೊಂದು ವರ್ಷಕ್ಕೆ ಒಂದು ಪ್ರಾಣಿ, ಹುಟ್ಟಿದ ವರ್ಷದ ಪ್ರಾಣಿಯೇ ಅವರವರದ್ದು ಅಂತಲೂ ಹೇಳಿದೆ. ನಾನು ಹುಟ್ಟಿದ್ದು ಆನಂದ ಸಂವತ್ಸರ, ಲೆಕ್ಕ ಹಾಕಿದರೆ ಹುಲಿ ಬಂತು. "ಹುಲೀನೇ ಸರಿ, ನಿನ್ನ ಕೋಪಕ್ಕೆ" ಅಂತ ಕಿಸಕ್ಕನೆ ನಕ್ಕಳು. ಅವಳು ಪಾರ್ಥಿವ ಸಂವತ್ಸರದ ಶ್ರಾವಣದಲ್ಲಿ ಹುಟ್ಟಿದವಳು. ಹುಂಜ ಅಂತ ಬಂತು. ಬೇರೆ ಏನಾದರೂ ಸುಳ್ಳು ಹೇಳೋಣ ಅನ್ನಿಸಿತು, ಆದರೆ ಅವಳು ನನ್ನ ಮುಖ ನೋಡ್ತಾ ಇದ್ದಳು, ಸುಳ್ಳು ಹೇಳೋಕೆ ಬರಲಿಲ್ಲ. "ಕೋಳಿ" ಅಂದೆ.

ಅವಳು ಆ ಹುಂಜದ ತಲೆಯ ಬೊಂಬೆಯ ಮೇಲೆ ಬೆರಳಿಟ್ಟಳು.

"ಇವು ಮಣ್ಣಿನವಾ?"

"ಮಣ್ಣಿನವು. ಸುಟ್ಟು ಬಣ್ಣ ಹಾಕಿರೋದು."

"ಜೀವದ್ದು ಹಾಕ್ತಿರಲಿಲ್ವಾ?"

"ಇನ್ನೂ ಹಳೇ ಕಾಲದಲ್ಲಿ ಪ್ರಾಣಿ, ಆಳುಗಳು ಎಲ್ಲಾ ಹೂಳ್ತಿದ್ದರಂತೆ. ಆಮೇಲಾಮೇಲೆ ಮಣ್ಣಿನದು ಸಾಕು ಅಂದ್ಕೊಂಡರು."

"ಮಣ್ಣಿನದು ಸಾಕಾ?"

"ಸಾಕಂತೆ ಅತ್ತೆ."

ಅವಳು ಅಳೋದನ್ನ ನಾನು ಅಷ್ಟಾಗಿ ನೋಡಿದವಳಲ್ಲ. ನಮ್ಮಪ್ಪ ಸತ್ತಾಗಲೂ ಸೌದೆ ಒಲೆಯ ಮುಂದೆ ಕೂತು ಬಂದವರಿಗೆ ಕಾಫಿ ಕಾಸ್ತಾ ಇದ್ದಳು. ಅವತ್ತು ಅತ್ತಳು. "ಕೆರೆ ಅಂಗಳದಲ್ಲಿ ದಿನಾ ಮಣ್ಣು ಕಲಸ್ತಿದ್ವಿ ಕಣೇ. ಎತ್ತು, ಗಾಡಿ, ಒಲೆ, ಏನೇನೋ ಮಾಡ್ತಿದ್ವಿ. ಮಣ್ಣಿನದು ಸಾಕು ಅಂತ ಒಬ್ಬರು ಹೇಳಿದ್ದಿದ್ರೆ ಒಂದು ಕೋಳಿ ಮಾಡಿ ಕೊಡ್ತಿರಲಿಲ್ವಾ ನಾನು? ತಮ್ಮ ಉಳೀತಿದ್ದ. ಅದೂ ಉಳೀತಿತ್ತು. ಕಾಲು ಕಟ್ಟಿ ತಗೊಂಡು ಹೋದರಲ್ಲೇ ಅದನ್ನ, ಮಗಿನ ಮೇಲೇ ಹಾಕಿ ಮಣ್ಣು ಮುಚ್ಚಿರ್ತಾರೆ. ಮಣ್ಣೊಳಗೆ ಎಷ್ಟು ಹೊತ್ತು ರೆಕ್ಕೆ ಬಡೀತೋ. ನನಗೆ ತಮ್ಮ ಸತ್ತದ್ದಕ್ಕಿಂತ ಅದೇ ಕೇಳಿಸ್ತಿರುತ್ತೆ, ಪಾಪಿ ನಾನು, ತಮ್ಮನಿಗಿಂತ ಕೋಳಿಗೆ ಅಳ್ತೀನಿ."

ಅದೇ ಮೊದಲು ನನಗೆ ಗೊತ್ತಾದದ್ದು. ತಮ್ಮನ ಮಾತು ಎಲ್ಲರೂ ಚುಚ್ಚಿ ಚುಚ್ಚಿ ಆಡಿದ್ದರು. ಆ ಹ್ಯಾಟೆಯನ್ನ ಅವಳು ಜನ್ಮವಿಡೀ ಒಬ್ಬಳೇ ಹೊತ್ಕೊಂಡಿದ್ದಳು. ಅತ್ತೆ, ತಮ್ಮ ಸತ್ತದ್ದು ಜ್ವರಕ್ಕೆ, ಅದೇ ಚಾಪೆ, ಅದೇ ಹೊದಿಕೆ ಅಂತ ಸಾವಿರದ ಒಂದನೇ ಸಲ ಹೇಳಿದೆ. "ನೀನು ಓದಿದೋಳು, ನಿನ್ನ ಮಾತು ಸರಿ ಇರುತ್ತೆ" ಅಂದಳು. ಸರಿ ಇರುತ್ತೆ ಅಂತ ಒಪ್ಪೋಳು, ನಂಬ್ತಿರಲಿಲ್ಲ. ಇನ್ನು ಕೋಳೀನ ಹೂಳ್ತಾರೆ ಅಂತಲೇ ನಾನೂ ತಿಳ್ಕೊಂಡಿದ್ದೆ.

ಮಾರನೇ ದಿನದಿಂದ ಅವಳದ್ದು ಒಂದೇ ಹಠ. ತನಗೊಂದು ಮಣ್ಣಿನ ಕೋಳಿ ಬೇಕು. ತಾನು ಯಾವ ವಾರ ಸತ್ತರೂ ಸರಿ, ಅದನ್ನ ಜೊತೆಗೆ ಇಡಬೇಕು. ಜೀವದ್ದು ಮಾತ್ರ ಬೇಡವೇ ಬೇಡ. "ನಾನು ಹೋಗ್ತಾ ಯಾರನ್ನೂ ಕರ್ಕೊಂಡು ಹೋಗಬಾರದು, ನನಗೋಸ್ಕರ ಒಂದು ಜೀವ ಮಣ್ಣಿಗೆ ಹೋಗಬಾರದು. ಎರಡೂ ಆಗಬೇಕು, ಭಾಷೆ ಕೊಡು" ಅಂದಳು. ಸಾಯೋ ಮಾತು ಈಗ್ಯಾಕೆ ಅಂತ ರೇಗಿದೆ. ಬಿಡಲಿಲ್ಲ. ಕೊನೆಗೆ ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟೆ.

ಗಣೇಶನ್ನ ಮಾಡೋರ ಹತ್ತಿರ ಒಂದು ಬಕೆಟ್ ಜೇಡಿಮಣ್ಣು ತಂದೆ. ಮೊದಲು ಪುಸ್ತಕದಲ್ಲಿದ್ದ ಹಾಗೇ ನಿಲುವಂಗಿ ತೊಟ್ಟು ಕೈ ಸೇರಿಸಿದ್ದು ಮಾಡಿದೆ, ನನಗೇನೋ ಕಲೆ ತೋರಿಸಬೇಕಲ್ಲ. ಅವಳು ನೋಡಿ ಮೂಗು ಮುರಿದಳು. "ಇದ್ಯಾಕೆ ಎಲೆಕ್ಷನ್‌ಗೆ ನಿಂತೋನ ಹಾಗೆ ಕೈ ಮುಗೀತಾ ಇದೆ? ಬರೀ ಕೋಳಿ ಸಾಕು ನನಗೆ." ಅದನ್ನ ಮುದ್ದೆ ಮಾಡಿ ಬರೀ ಕೋಳಿ ಮಾಡಿದೆ. ಜುಟ್ಟು ದೊಡ್ಡದಾಯ್ತು, ಇದು ಹುಂಜ ಅಲ್ಲ ಹ್ಯಾಟೆ ಅಂತ ತಾನೇ ಉಗುರಲ್ಲಿ ಚಿವುಟಿ ಚಿಕ್ಕದು ಮಾಡಿದಳು. ಕಾಲು ಗಟ್ಟಿಯಾಗಿರಲಿ, ದೂರ ನಡೀಬೇಕು ಅಂದಳು. ಮಣ್ಣು ಹಸಿ ಇರುವಾಗಲೇ ಒಂದು ಪೊರಕೆ ಕಡ್ಡಿ ಹಿಡ್ಕೊಂಡು, ಕನ್ನಡಕದೊಳಗಿಂದ ಕಣ್ಣು ಕಿರಿದು ಮಾಡಿ, ಬೆನ್ನ ಮೇಲೆಲ್ಲ ಚುಕ್ಕೆ ಚುಚ್ಚಿದಳು. ಎಲ್ಲೆಲ್ಲಿ ಚುಕ್ಕೆ ಬರಬೇಕು ಅಂತ ಅವಳಿಗೆ ಗೊತ್ತಿತ್ತು.

ಪ್ರದರ್ಶನ ಆಯ್ತು. ಚೀನಾದ ಚಾರ್ಟಿನ ಮುಂದೆ ಮಕ್ಕಳು ನಿಂತು ತಮ್ಮ ತಮ್ಮ ಹುಟ್ಟಿದ ವರ್ಷ ಲೆಕ್ಕ ಹಾಕಿ, ನೀನು ಹಂದಿ, ನೀನು ಕೋತಿ ಅಂತ ಕಿತ್ತಾಡಿದವು. ಮೇಷ್ಟ್ರಿಗೆ ಬಹುಮಾನ ಬಂತು. ನನಗೊಂದು ಪೆನ್ನು ಕೊಟ್ಟರು, ಬರೆಯಲ್ಲ ಅದು.

ಮಾವಿನ ಹೂ ಕಚ್ಚೋ ಹೊತ್ತಿಗೆ ಅತ್ತೆಗೆ ಉಸಿರಾಟದ ತೊಂದರೆ ಶುರುವಾಯ್ತು. ಕೋಲಾರಕ್ಕೆ ಕರ್ಕೊಂಡು ಹೋಗಿ ದೊಡ್ಡಾಸ್ಪತ್ರೇಲಿ ಇಟ್ಟೆ. ಡಾಕ್ಟರು 'ಹೃದಯ ದಣಿದಿದೆ' ಅಂದರು. ದಣೀದೆ ಇರುತ್ತಾ ಅಂತ ಅವರ ಮೇಲೇ ರೇಗಿಬಿಟ್ಟೆ, ಪಾಪ, ಅವರದ್ದೇನು ತಪ್ಪು. ಮನೆಗೆ ಕರ್ಕೊಂಡು ಬಂದ ಮೇಲೆ ಕೆಲವು ದಿನ ಚೆನ್ನಾಗೇ ಇದ್ದಳು. ಒಂದು ಶುಕ್ರವಾರ ಸಾಯಂಕಾಲ ಕಾಫಿ ಲೋಟ ಕೆಳಗಿಟ್ಟು, ಗೋಡೆಗೆ ಒರಗಿ, ಹಾಗೇ ಹೋದಳು. ಶುಕ್ರವಾರ, ಸದ್ಯ, ಅಂತ ಆ ದುಃಖದಲ್ಲೂ ನನಗೆ ಅನ್ನಿಸಿತು.

ಊರಿಗೆ ತಗೊಂಡು ಹೋಗೋ ಹೊತ್ತಿಗೆ ರಾತ್ರಿಯಾಗಿತ್ತು, ಮಣ್ಣು ಬೆಳಗ್ಗೆ ಅಂತಾಯ್ತು. ಬೆಳಗಾದರೆ ಶನಿವಾರ. ನಮ್ಮಪ್ಪನ ದೊಡ್ಡಪ್ಪನ ಮಗ ಒಬ್ಬರಿದ್ದಾರೆ, ನನಗೆ ದೊಡ್ಡಪ್ಪ ಆಗಬೇಕು. ಎಂಬತ್ತು ದಾಟಿದೆ, ಆದರೂ ಊರಿನ ಸಾವು ನೋವು ಎಲ್ಲಾ ಅವರ ಯಜಮಾನಿಕೆಯಲ್ಲೇ ಆಗಬೇಕು. ಅಂಗಳದಲ್ಲಿ ಕೋಲು ಊರಿ ನಿಂತು, "ಪ್ರಾಣ ಯಾವತ್ತು ಹೋದರೇನು, ಎತ್ತೋದು ಶನಿವಾರ ಅಲ್ವಾ, ಕೋಳಿ ತನ್ನಿ" ಅಂದರು. ಯಾರೋ ಒಂದು ಬಿಳೀ ಕೋಳಿ ತಂದು ಚಟ್ಟದ ಪಕ್ಕ ಇಟ್ಟರು, ಫಾರಂ ಕೋಳಿ, ಕಾಲು ಕಟ್ಟಿತ್ತು, ಬಾಯಿ ತೆಗೆದುಕೊಂಡು ಬಿದ್ದಿತ್ತು.

ಮುಳಬಾಗಿಲಿಂದ ಜೊತೆಗೇ ತಂದಿದ್ದ ಮಣ್ಣಿನ ಕೋಳಿಯನ್ನ ನಾನು ಒಳಗಿಂದ ತಂದು ಅವರ ಮುಂದೆ ಹಿಡಿದೆ.

"ಇದನ್ನ ಇಡಿ ದೊಡ್ಡಪ್ಪ. ಅತ್ತೆ ಕೇಳಿದ್ದು ಇದು. ಜೀವದ್ದು ಬೇಡ."

"ಮಣ್ಣಿನದೇನಮ್ಮಾ ಆಟದ ಸಾಮಾನು! ಆವತ್ತು ತೆಂಗಿನಕಾಯಿ ಕಟ್ಟಿ ಏನಾಯ್ತು ಅಂತ ಗೊತ್ತಿಲ್ವಾ ನಿನಗೆ?"

ಅಷ್ಟೇ ಸಾಕಾಯ್ತು ನನಗೆ. ರಾತ್ರಿಯೆಲ್ಲ ತಡ್ಕೊಂಡದ್ದು ಕಟ್ಟೆ ಒಡೀತು. ಊರವರೆಲ್ಲ ನೋಡ್ತಿದ್ದಾರೆ ಅನ್ನೋದೂ ಮರೆತು ಕೂಗಾಡಿದೆ. ಗೊತ್ತು, ಚೆನ್ನಾಗಿ ಗೊತ್ತು, ಹುಟ್ಟಿದಾಗಿಂದ ಅದನ್ನೇ ಕೇಳ್ತಾ ಇದ್ದೀನಿ, ಅವಳನ್ನ ಬದುಕಿರೋ ತನಕ ಚುಚ್ಚಿದ್ದು ಸಾಲದಾ, ಸತ್ತ ಮೇಲಾದರೂ ಬಿಡಿ ಅಂದೆ. "ಒಂದು ಜೀವಾನ ಜೀವಂತ ಹೂಳಿಸ್ಕೊಂಡು ಹೋಗೋಕೆ ಅವಳಿಗೆ ಇಷ್ಟ ಇಲ್ಲ. ಕಾಲು ಕಟ್ಟಿರೋ ಕೋಳಿ ಮೇಲೆ ಮಣ್ಣು ಎಳೀತೀರಲ್ಲ, ನಿಮ್ಮ ಕೈ ಹೇಗೆ ಬರುತ್ತೆ?"

ದೊಡ್ಡಪ್ಪ ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಕೋಪ ಇರಲಿಲ್ಲ. ಏನೂ ಅರ್ಥವಾಗದವರ ಹಾಗೆ ಕಂಡರು.

"ಹೂಳೋದಾ? ಕೋಳೀನಾ? ಯಾರಮ್ಮಾ ಹೂಳ್ತಾರೆ?"

"ಮತ್ತೆ?"

"ಗುಂಡಿ ಹತ್ತಿರ ಹೋದ ಮೇಲೆ ಕಟ್ಟು ಬಿಚ್ಚಿ ಬಿಟ್ಟುಬಿಡ್ತೀವಿ. ಗುಂಡಿ ತೋಡಿದವನು ಹಿಡ್ಕೊಂಡು ಮನೆಗೆ ಹೋಗ್ತಾನೆ. ಅವನದ್ದೇ ಅದು. ಬೇಕಾದರೆ ಸಾಕ್ಕೊಳ್ತಾನೆ."

"ಈಗ ಹಾಗೆ ಮಾಡ್ತೀರೇನೋ. ಆಗ?"

"ಆಗಲೂ ಅಷ್ಟೇ. ನಮ್ಮ ತಾತನ ಕಾಲದಿಂದಲೂ ಅಷ್ಟೇ."

ನನ್ನ ಕೈಲಿದ್ದ ಮಣ್ಣಿನ ಕೋಳಿ ಭಾರ ಆಯ್ತು. ಜಗುಲಿ ಮೇಲೆ ಇಟ್ಟೆ. ಕೇಳಬಾರದು ಅನ್ನಿಸಿತು, ಆದರೂ ಕೇಳಿದೆ.

"ಅವಳ ತಮ್ಮನ ಜೊತೆ ತಗೊಂಡು ಹೋದರಲ್ಲ ಚುಕ್ಕೆ ಹ್ಯಾಟೆ..."

"ಅದಾ? ನಾನೂ ಹೋಗಿದ್ದೆನಲ್ಲ ಆವತ್ತು, ಹನ್ನೆರಡು ವರ್ಷವೋ ಏನೋ ನನಗೆ. ನಮ್ಮ ಚಿಕ್ಕಪ್ಪನೇ, ಅಂದರೆ ನಿಮ್ಮ ತಾತನೇ, ಕಾಲಿನ ದಾರ ಬಿಚ್ಚಿದ್ದು. ಗುಂಡಿ ತೋಡಿದವನ ಮನೆ ಕೆರೆ ಕೋಡಿ ಹತ್ತಿರ ಇತ್ತು. ಬಹಳ ದಿನ ಅಲ್ಲೇ ಓಡಾಡ್ಕೊಂಡಿತ್ತಮ್ಮಾ ಅದು. ಮರೀನೂ ಮಾಡ್ತು. ದನ ಮೇಯಿಸೋಕೆ ಹೋದಾಗ ಎಷ್ಟು ಸಲ ನೋಡಿದ್ದೀನಿ."

ಕೆರೆ ಕೋಡಿ ನಮ್ಮ ಮನೆ ಹಿತ್ತಲಿಂದ ಒಂದು ಕೂಗು ಹಾಕಿದರೆ ಕೇಳಿಸುತ್ತೆ. ಆ ಕೇರಿಗೆ ಮಾತ್ರ ನಮ್ಮ ಮನೆ ಹೆಣ್ಣುಮಕ್ಕಳು ಹೋಗಬಾರದಾಗಿತ್ತು.

"ಅತ್ತೆಗೆ ಯಾಕೆ ಹೇಳಲಿಲ್ಲ ದೊಡ್ಡಪ್ಪ?" ಅಂದೆ.

ಅವರು ಕೋಲಿಗೆ ಗದ್ದ ಊರಿ ಯೋಚನೆ ಮಾಡಿದರು. ನಿಜವಾಗಿಯೂ ಯೋಚನೆ ಮಾಡಿದರು, ಸುಳ್ಳು ಹೇಳೋ ಮನುಷ್ಯ ಅಲ್ಲ ಅವರು. "ಅವಳು ಕೇಳಲೇ ಇಲ್ಲವಲ್ಲಮ್ಮಾ" ಅಂದರು. "ಕೇಳಿದ್ದಿದ್ರೆ ಹೇಳ್ತಿದ್ವಿ. ಗೊತ್ತಿರುತ್ತೆ ಅಂದ್ಕೊಂಡಿದ್ವಿ."

ಅವರ ಮೇಲೆ ಕೋಪ ಮಾಡ್ಕೊಳ್ಳೋಣ ಅಂದರೆ ಕೋಪವೂ ಬರಲಿಲ್ಲ. ಚೀನಾದ ಸಮಾಧೀಲಿ ಯಾವ ದಿಕ್ಕಿಗೆ ಯಾವ ಪ್ರಾಣಿ ಇಡ್ತಾರೆ ಅಂತ ನಾನೂ ತಿಂಗಳುಗಟ್ಟಲೆ ಓದಿದ್ದೆ. ನಮ್ಮೂರ ಸ್ಮಶಾನದಲ್ಲಿ ಕೋಳಿ ಏನಾಗುತ್ತೆ ಅಂತ ಒಬ್ಬ ಗಂಡಸನ್ನ ಕರೆದು ಕೇಳಬೇಕು ಅಂತ ನನಗೂ ಹೊಳೀಲಿಲ್ಲ.

ತಮಟೆಯವರು ಬೆಂಕಿಗೆ ತಮಟೆ ಹಿಡಿದು ಕಾಯಿಸ್ತಿದ್ದರು. ಎತ್ತೋಕೆ ಹೊತ್ತಾಯ್ತು, ಮನೆಯವರು ಕೊನೇದಾಗಿ ನೋಡ್ಕೊಂಡು ಬನ್ನಿ ಅಂದರು. ನಾನು ಒಳಗೆ ಹೋದೆ. ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ನಡುಮನೇಲಿ ಮಲಗಿಸಿದ್ದರು. ಹೆಂಗಸರನ್ನ ಸರಿಸಿ ಅವಳ ತಲೆ ಹತ್ತಿರ ಮಂಡಿ ಊರಿದೆ.

"ಅತ್ತೆ," ಅಂದೆ, "ನಿನ್ನ ಕೋಳೀನ ಹೂಳಲಿಲ್ಲವಂತೆ. ಬಿಟ್ಟುಬಿಟ್ಟರಂತೆ. ಕೆರೆ ಕೋಡಿ ಹತ್ತಿರ ಬದುಕಿತ್ತಂತೆ ಅತ್ತೆ, ಮರಿ ಮಾಡಿತ್ತಂತೆ."

ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಕಿವಿಗೆ ಆಗಲೇ ಹತ್ತಿ ಇಟ್ಟಿದ್ದರು.